ಒಂದೇ ಮನೆ, ಎರಡು ಋತು

ವೈಶಾಖ ಮಾಸದ ಒಂದು ಅಪರಾಹ್ಣ ಕಲಬುರಗಿ, ರಾಯಚೂರು, ವಿಜಯಪುರಗಳಂಥ ಊರಿನ ಯಾವುದಾದರೊಂದು ಎರಡಂತಸ್ತಿನ ಮನೆಯನ್ನು ಹೊಕ್ಕು ನೋಡಿದರೆ, ಒಂದೇ ಸೂರಿನಡಿ ಎರಡು ಋತುಗಳು ಸಂಸಾರ ಹೂಡಿರುವುದು ಗೋಚರಿಸುತ್ತದೆ. ಕೆಳಗಣ ನಡುಮನೆಯಲ್ಲಿ ಬರಿಯ ಫರಸಿಯ ಮೇಲೆ ಮೈಚಾಚಿದವನಿಗೆ ಹಿತವಾದ ನಿದ್ದೆ. ಮೆಟ್ಟಿಲೇರಿ ಪಡುವಣ ಕೋಣೆಯ ಬಾಗಿಲನ್ನು ತೆರೆದರೆ ಕುಲುಮೆಯ ಮುಂದೆ ನಿಂತಂತೆ ಮುಖಕ್ಕೆ ಝಳ ಬಡಿಯುತ್ತದೆ. ಆ ಮೇಲಿನ ಕೋಣೆ ಯಾರ ಪಾಲಿಗೆ ಬಂದಿರುತ್ತದೆಂಬುದನ್ನೂ ಗಮನಿಸಬೇಕು. ಗದ್ದಲವಿಲ್ಲದ ತಾಣವೆಂದು ಅದನ್ನು ಪರೀಕ್ಷೆಗೆ ಓದುವ ಹುಡುಗನಿಗೆ ಕೊಟ್ಟಿರುತ್ತಾರೆ. ಇಲ್ಲವೆ ಬಂದುಹೋಗುವವರ ಸದ್ದಿಲ್ಲದೆ ವಿಶ್ರಮಿಸಲೆಂದು ಮನೆಯ ಹಿರಿಯರಿಗೆ. ಪ್ರೀತಿಯಿಂದಲೇ ಮಾಡಿದ ಏರ್ಪಾಡು ಬೇಸಿಗೆಯಲ್ಲಿ ಶಿಕ್ಷೆಯಾಗಿ ಪರಿಣಮಿಸುತ್ತದೆ.

ಇಂಥ ವೈಷಮ್ಯಕ್ಕೆ ಪರಿಹಾರವೆಂದು ಬಹುಜನರು ಮೊದಲು ನೆನೆಯುವುದು ಅಂಗಡಿಯನ್ನು. ಬಿಸಿಯಾದ ಕೋಣೆಗೆ ಒಂದು ಯಂತ್ರ, ಅದು ಸಾಲದಿದ್ದರೆ ಇನ್ನೂ ದೊಡ್ಡದೊಂದು ಯಂತ್ರ. ನಿದಾನವಿಲ್ಲದೆ ಚಿಕಿತ್ಸೆಗೆ ಕೈಹಾಕುವುದನ್ನು ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಗೃಹದ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ. ಕೋಣೆಗೆ ಉಷ್ಣ ಎಲ್ಲಿಂದ ಬಂತು, ಯಾವ ದಾರಿಯಿಂದ ಬಂತು, ಯಾವ ಹೊತ್ತಿನಲ್ಲಿ ಬಂತು? ಈ ಮೂರಕ್ಕೆ ಉತ್ತರ ದೊರೆತಲ್ಲಿ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ತಗಲುವ ವೆಚ್ಚ ಅನೇಕ ವೇಳೆ ಯಂತ್ರದ ಬೆಲೆಗಿಂತ ಎಷ್ಟೋ ಕಡಿಮೆ.

ಬಿಸುಪಿನ ಬಗೆಗಳನ್ನು ಬೇರೆ ಬೇರೆಯಾಗಿ ಹೆಸರಿಸುವಲ್ಲಿ ಕನ್ನಡ ನುಡಿ ಬಡವಾದುದಲ್ಲ. ಕಾವು, ಝಳ, ಸೆಕೆ ಎಂಬ ಮೂರು ಮಾತುಗಳನ್ನೇ ತೆಗೆದುಕೊಳ್ಳಬಹುದು. ನಿಘಂಟುಗಳು ಇವನ್ನು ಒಂದಕ್ಕೊಂದು ಪರ್ಯಾಯವೆಂಬಂತೆ ಕೊಟ್ಟರೂ ಆಡುಮಾತಿನ ಬಳಕೆ ಅವುಗಳ ನಡುವೆ ಗೆರೆ ಎಳೆಯುತ್ತದೆ. ಹಂಚಿಗೆ, ಬಂಡೆಗೆ, ಗೋಡೆಗೆ ಇರುವುದು ಕಾವು. ಅದು ವಸ್ತುವಿನೊಳಗೆ ಸೇರಿಕೊಂಡು, ಬೆಂಕಿ ಆರಿದ ಮೇಲೂ ಉಳಿಯುವಂಥದು. ‘ಕಾಯ್’ ಎಂಬ ಧಾತುವಿನಿಂದ ಹುಟ್ಟಿದ ಪದ. ಬಿಸಿಲಿಗೆ, ಉರಿಗೆ, ಬೀಸುವ ಬಿಸಿಗಾಳಿಗೆ ಇರುವುದು ಝಳ. ಅದು ದೂರದಿಂದಲೇ ಮೈಗೆ ತಾಕುತ್ತದೆ, ಮರೆ ಹಿಡಿದರೆ ತಪ್ಪುತ್ತದೆ. ಬೆವರು ಆರದೆ ಮೈಗೆ ಅಂಟಿಕೊಂಡಾಗ ಆಗುವುದು ಸೆಕೆ. ಭೌತಶಾಸ್ತ್ರದ ಪಾಠದಲ್ಲಿ ವಹನ, ವಿಕಿರಣ, ಆರ್ದ್ರತೆ ಎಂದು ಹೇಳುವುದನ್ನು ಅಕ್ಷರ ಅರಿಯದ ಗೃಹಿಣಿಯೂ ಈ ಮೂರು ಪದಗಳಲ್ಲಿ ಹೇಳಿಬಿಡುತ್ತಾಳೆ. ಒಂದು ಕೋಣೆಯ ವಿಷಯದಲ್ಲಿ ಮನೆಯವರು ‘ಗೋಡೆ ಕಾದಿದೆ’ ಎನ್ನುತ್ತಾರೆಯೋ, ‘ಝಳ ಹೊಡೆಯುತ್ತದೆ’ ಎನ್ನುತ್ತಾರೆಯೋ, ‘ಸೆಕೆಯಾಗುತ್ತದೆ’ ಎನ್ನುತ್ತಾರೆಯೋ ಎಂಬುದರಿಂದಲೇ ದೋಷದ ಮೂಲ ಹೊಳೆಯುವುದುಂಟು.

ತಂಪಿನ ವಿಷಯದಲ್ಲಿಯೂ ಹೀಗೆಯೇ. ‘ತಣ್’ ಎಂಬ ಹಳಗನ್ನಡ ಪದಕ್ಕೆ ನೆಳಲ್, ಎಲರ್, ನೀರ್ ಎಂಬ ಪದಗಳು ಸೇರಿ ತಣ್ಣೆಳಲ್, ತಣ್ಣೆಲರ್, ತಣ್ಣೀರ್ ಎಂಬ ಸಮಾಸಗಳಾಗುತ್ತವೆ. ಸಂಧಿ ಬಿಡಿಸಲು ತರಗತಿಯಲ್ಲಿ ಕೊಡುವ ಈ ಮೂರು ಮಾತುಗಳಲ್ಲಿ ಮನೆಯನ್ನು ತಂಪಾಗಿಸುವ ಮೂರು ಉಪಾಯಗಳೂ ಅಡಗಿವೆ: ನೆರಳು, ಗಾಳಿ, ನೀರು. ಯಂತ್ರ ನಾಲ್ಕನೆಯದು. ಮೊದಲಿನ ಮೂರನ್ನು ಬಿಟ್ಟು ನಾಲ್ಕನೆಯದನ್ನು ಹಿಡಿದವನ ವಿದ್ಯುತ್ ಬಿಲ್ಲು ಬೆಳೆಯುತ್ತದೆ; ಕೋಣೆಗಳ ವೈಷಮ್ಯ ಇದ್ದಲ್ಲಿಯೇ ಇರುತ್ತದೆ.

ನಿದಾನಕ್ಕೆ ಬೇಕಾದ ಉಪಕರಣ ಅಲ್ಪ. ಕಡಿಮೆ ಬೆಲೆಯ ಮೂರು ಉಷ್ಣಮಾಪಕಗಳನ್ನು ತಂದು ಮೂರು ಕೋಣೆಗಳಲ್ಲಿ, ಗೋಡೆಗೆ ತಾಗದಂತೆ, ಬಿಸಿಲು ಬೀಳದಂತೆ, ಕುಳಿತವನ ಎದೆಯ ಎತ್ತರಕ್ಕೆ ತೂಗುಹಾಕಬೇಕು. ಬೆಳಗಿನ 6, ಪೂರ್ವಾಹ್ಣ 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಗಂಟೆಗಳಲ್ಲಿ ಅಂಕೆಗಳನ್ನು ಬರೆದಿಡಬೇಕು. ಮೂರು ದಿನ ಸಾಕು. ಪ್ರೌಢಶಾಲೆಯ ವಿದ್ಯಾರ್ಥಿಗೆ ಇದಕ್ಕಿಂತ ಸಾರ್ಥಕವಾದ ಬೇಸಿಗೆಯ ಅಭ್ಯಾಸ ಬೇರೊಂದಿರಲಾರದು. ಮಾಪಕವಿಲ್ಲದಿದ್ದರೆ ಅಂಗೈಯಾದರೂ ಆದೀತು. ಒಳಗಿನಿಂದ ಚಾವಣಿಯನ್ನೂ ನಾಲ್ಕು ಗೋಡೆಗಳನ್ನೂ ಮುಟ್ಟಿ ನೋಡಿದರೆ ಯಾವುದು ಕಾದಿದೆಯೆಂಬುದು ತಿಳಿದುಬರುತ್ತದೆ.

ಪಟ್ಟಿಯನ್ನು ಓದುವ ಕ್ರಮವೆಂದರೆ ಹೊತ್ತನ್ನು ನೋಡುವುದು. ಗೋಡೆ, ಚಾವಣಿಗಳು ಹೊರಗೆ ಕಾದ ಕ್ಷಣದಲ್ಲಿಯೇ ಒಳಗೆ ಕಾಯುವುದಿಲ್ಲ. ಉಷ್ಣ ಅವುಗಳ ದಪ್ಪವನ್ನು ದಾಟಿ ಬರಲು ಕಾಲ ಹಿಡಿಯುತ್ತದೆ. ನಾಲ್ಕೈದು ಅಂಗುಲದ ಆರ್.ಸಿ.ಸಿ. ಸ್ಲ್ಯಾಬಿಗೆ ಸುಮಾರು ಮೂರು ನಾಲ್ಕು ಗಂಟೆ, ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆಗೆ ಸುಮಾರು ಆರರಿಂದ ಎಂಟು ಗಂಟೆ. ಆದುದರಿಂದ ಕೋಣೆ ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಅತಿ ಹೆಚ್ಚು ಕಾದರೆ ಅಪರಾಧ ಚಾವಣಿಯದು. ಸಂಜೆ ಅಷ್ಟಾಗಿ ಕಾಯದೆ ರಾತ್ರಿ ಹತ್ತು ಹನ್ನೊಂದಕ್ಕೆ, ಹೊರಗೆ ಗಾಳಿ ತಂಪಾದ ಮೇಲೆ, ಹಾಸಿಗೆಯಲ್ಲಿ ಹೊರಳಾಡಿಸುವಷ್ಟು ಕಾದರೆ ಅಪರಾಧ ಪಡುವಣ ಗೋಡೆಯದು. ಬಿಸಿಲು ಕಿಟಕಿಯಲ್ಲಿ ಇಣುಕಿದೊಡನೆ ಏರಿ, ಬಿಸಿಲು ಸರಿದೊಡನೆ ಇಳಿದರೆ ಗಾಜಿನದು. ಹೊತ್ತುಹೊತ್ತಿಗೂ ಹೊರಗಿಗಿಂತ ಒಂದೇ ಸಮನೆ ಹೆಚ್ಚಿದ್ದರೆ ಗಾಳಿಗೆ ಹೊರಹೋಗುವ ದಾರಿಯಿಲ್ಲವೆಂದರ್ಥ.

ಪಟ್ಟಿ ಕೈಗೆ ಬಂದೊಡನೆ ಮಾಡಬಹುದಾದ ಮೊದಲ ಚಿಕಿತ್ಸೆಗೆ ಒಂದು ಕಾಸೂ ಬೇಕಿಲ್ಲ. ಕೋಣೆಗಳ ಮೇಲೆ ‘ಇದು ಇವರದು, ಅದು ಅವರದು’ ಎಂದು ಅಂಟಿಸಿದ ಹೆಸರುಗಳನ್ನು ಬೇಸಿಗೆಯ ಎರಡು ಮೂರು ತಿಂಗಳ ಮಟ್ಟಿಗೆ ಕಿತ್ತುಹಾಕಬೇಕು. ಪಡುವಣ ಕೋಣೆ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಮನೆಯಲ್ಲೆಲ್ಲ ತಂಪಾದ ಜಾಗವಾಗಿರಬಹುದು. ಹುಡುಗ ಅಲ್ಲಿ ಆಗ ಓದಲಿ, ಸಂಜೆಗೆ ಮೂಡಣ ಕೋಣೆಗೆ ಬರಲಿ. ಹಿರಿಯರ ಹಾಸಿಗೆ ಕೆಳಗಣ ಅಂತಸ್ತಿಗೆ ಇಳಿಯಬೇಕು. ಇದು ಕೇವಲ ಸೌಖ್ಯದ ಮಾತಲ್ಲ. ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ‘ಇರಲಿ, ನನಗೇನೂ ಸೆಕೆಯಿಲ್ಲ’ ಎಂದು ಅಜ್ಜ ಹೇಳುವಾಗ ಅದು ಸಂಕೋಚದ ಮಾತೂ ಆಗಿರಬಹುದು, ದೇಹ ಎಚ್ಚರಿಕೆಯ ಗಂಟೆ ಬಾರಿಸುವುದನ್ನೇ ಮರೆತುದರ ಫಲವೂ ಆಗಿರಬಹುದು. ಬಿಸಿಯಾದ ಕೋಣೆಯಲ್ಲಿರುವವರ ಮಾತು ತೊದಲಿದರೆ, ಬುದ್ಧಿ ಭ್ರಮಿಸಿದಂತೆ ಕಂಡರೆ, ಮೈ ಕಾದು ಪ್ರಜ್ಞೆ ಮಸುಕಾದರೆ, ಒಡನೆ ತಂಪಾದೆಡೆಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು, ಅದು ಉಷ್ಣಾಘಾತ. ತಲೆಯ ಮೇಲೆ ಫ್ಯಾನು ತಿರುಗುತ್ತಿದೆಯೆಂಬ ಧೈರ್ಯವೂ ಸಲ್ಲದು. ಗಾಳಿಯ ಉಷ್ಣಾಂಶ 40 ಡಿಗ್ರಿಗಿಂತ ಕಡಿಮೆ ಇರುವಾಗ ಮಾತ್ರ ಫ್ಯಾನನ್ನು ಬಳಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದಕ್ಕೆ ಮೀರಿದಾಗ ಬೀಸುವ ಗಾಳಿಯೇ ಮೈಯನ್ನು ಕಾಯಿಸತೊಡಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಆ ಅಂಕೆ ಅಪರೂಪದ್ದಲ್ಲ.

ಇನ್ನು ಚಾವಣಿಯ ವಿಚಾರ. ನಿರಭ್ರವಾದ ಬೇಸಿಗೆಯ ನಡುಹಗಲಿನಲ್ಲಿ ಒಂದು ಚದರ ಮೀಟರು ಸಮತಲದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು ಒಂದು ಕಿಲೋವ್ಯಾಟು. ಹನ್ನೆರಡು ಅಡಿ ಚಚ್ಚೌಕದ ಕೋಣೆಯ ಮಾಳಿಗೆ ಹದಿಮೂರು ಚದರ ಮೀಟರಿಗೂ ಮಿಗಿಲು. ಎಂದರೆ ಒಂದು ಕಿಲೋವ್ಯಾಟಿನ ಹದಿಮೂರು ಹೀಟರುಗಳನ್ನು ಮಾಳಿಗೆಯ ಮೇಲೆ ಸಾಲಾಗಿ ಹಚ್ಚಿಟ್ಟಂತೆ. ಅದರಲ್ಲಿ ಒಂದು ಪಾಲು ಪ್ರತಿಫಲಿಸಿ ಹೋಗುತ್ತದೆ, ಒಂದು ಪಾಲು ಗಾಳಿಗೆ ಸೇರುತ್ತದೆ. ಉಳಿದುದು ಸ್ಲ್ಯಾಬಿನೊಳಗೆ ಇಳಿದು ಕೆಳಗೆ ಮಲಗಿದವನ ಮೇಲೆ ಸಂಜೆಯ ಹೊತ್ತಿಗೆ ಝಳವಾಗಿ ಸುರಿಯುತ್ತದೆ. ಹಳೆಯ ಬೂದುಬಣ್ಣದ ಸಿಮೆಂಟಿನ ಮೇಲ್ಮೈ ಬಿಸಿಲಿನ ಮೂರರಲ್ಲಿ ಎರಡು ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಬಿಳಿ ಸುಣ್ಣ ಸುಮಾರು ಮುಕ್ಕಾಲು ಪಾಲನ್ನು ಹಿಂದಕ್ಕೆ ಅಟ್ಟುತ್ತದೆ. ಮೇಲಿನ ಕೋಣೆಯ ವೈಷಮ್ಯಕ್ಕೆ ಸುಣ್ಣದ ಡಬ್ಬಿಗಿಂತ ಅಗ್ಗವಾದ ಔಷಧ ಬೇರೆ ಇಲ್ಲ. ಶಿವರಾತ್ರಿ ಕಳೆದು ಬಿಸಿಲೇರುವ ಮೊದಲು ಮಾಳಿಗೆಯನ್ನು ತೊಳೆದು, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೈ ಬಳಿಯಬೇಕು. ಮಳೆಗಾಲದಲ್ಲಿ ಅದು ಕರಗಿಹೋಗುತ್ತದೆ. ಮರುವರ್ಷ ಮತ್ತೆ ಬಳಿಯಬೇಕು. ಈ ‘ಮತ್ತೆ’ ಎಂಬುದರಲ್ಲಿಯೇ ಅನೇಕರು ಸೋಲುತ್ತಾರೆ. ಪ್ರತಿವರ್ಷದ ದುಡಿಮೆ ಬೇಡವೆನ್ನುವವರು ಒಡೆದ ಬಿಳಿಯ ಟೈಲಿನ ಚೂರುಗಳನ್ನು ಗಾರೆಯಲ್ಲಿ ಕೂರಿಸಬಹುದು. ಮಾಳಿಗೆಯ ಮೇಲೆ ಧೂಳು ಕುಳಿತರೆ ಬಿಳುಪು ಬಿಳುಪಾಗಿ ಉಳಿಯದು. ತಿಂಗಳಿಗೊಮ್ಮೆ ಗುಡಿಸುವುದೂ ಚಿಕಿತ್ಸೆಯ ಅಂಗವೇ.

ಸುಣ್ಣಕ್ಕಿಂತ ಮೇಲಾದುದು ನೆರಳು. ಮಾಳಿಗೆಯ ಮೇಲೆ ಗಳು ನಿಲ್ಲಿಸಿ ತೆಂಗಿನ ಗರಿಯ ಚಪ್ಪರವನ್ನೋ ಹಸಿರು ಬಲೆಯನ್ನೋ ಕಟ್ಟಿದರೆ ಬಿಸಿಲು ಸ್ಲ್ಯಾಬನ್ನು ಮುಟ್ಟುವುದೇ ಇಲ್ಲ. ಆದರೆ ಚಪ್ಪರಕ್ಕೂ ಸ್ಲ್ಯಾಬಿಗೂ ನಡುವೆ ಆಳೆತ್ತರದ ತೆರವಿರಬೇಕು. ಗಾಳಿ ಆಡದೆ ಮೇಲೆಯೇ ಹಾಸಿಬಿಟ್ಟ ಬಲೆ ತಾನು ಕಾದು ತನ್ನ ಕಾವನ್ನು ಕೆಳಕ್ಕೆ ಕೊಡುತ್ತದೆ. ಹೊಸದಾಗಿ ಕಟ್ಟಿಸುವವರಿಗೆ ಒಂದು ಮಾನದಂಡವುಂಟು. ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿದ ‘ಇಕೋ ನಿವಾಸ್ ಸಂಹಿತಾ’ ಎಂಬ ನಿಯಮಾವಳಿಯ ಮೇರೆಗೆ ಚಾವಣಿಯ ಉಷ್ಣಪ್ರವೇಶ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, 1.2 ವ್ಯಾಟನ್ನು ಮೀರಬಾರದು. ಬರಿಯ ಸ್ಲ್ಯಾಬಿನಲ್ಲಿ ಅದು ಇದರ ಎರಡೂವರೆ ಮೂರು ಪಟ್ಟು ಇರುತ್ತದೆ. ಈ ಅಂತರವನ್ನು ತುಂಬಲು ಸ್ಲ್ಯಾಬಿನ ಮೇಲ್ಗಡೆ ಉಷ್ಣರೋಧಕ ಹಲಗೆಗಳನ್ನು ಹಾಸಿ ಗಾರೆ ಮುಚ್ಚುವ ಪದ್ಧತಿ ಇದೆ. ಕೆಳಗಡೆ ಕೃತಕ ಚಾವಣಿ ಕಟ್ಟುವುದಕ್ಕಿಂತ ಮೇಲ್ಗಡೆಯ ರಕ್ಷಣೆ ಉತ್ತಮ. ಮೊದಲನೆಯದರಲ್ಲಿ ಸ್ಲ್ಯಾಬು ಕಾದೇ ಕಾಯುತ್ತದೆ; ಎರಡನೆಯದರಲ್ಲಿ ಕಾಯುವ ಅವಕಾಶವೇ ಇಲ್ಲ.

ತೊಯ್ದ ಗೋಣಿಚೀಲಗಳನ್ನು ಮಾಳಿಗೆಗೆ ಹಾಸುವ ಪದ್ಧತಿಯೂ ಇದೆ. ಅದರಿಂದ ತಂಪಾಗುವುದು ದಿಟ. ಆದರೆ ನೀರಿಗಾಗಿ ಓಣಿಯ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಲ್ಲುವ ತಿಂಗಳಿನಲ್ಲಿ ಮಾಳಿಗೆಗೆ ನೀರು ಹೊಯ್ಯುವುದು ಯೋಗ್ಯವೆನಿಸದು. ಬಿರುಕಿರುವ ಸ್ಲ್ಯಾಬಿಗಂತೂ ಅದು ಕೇಡು.

ಹಳೆಯ ಮನೆಗಳಲ್ಲಿ ಈ ವೈಷಮ್ಯ ಅಷ್ಟಾಗಿ ಇರಲಿಲ್ಲವೆಂಬ ಮಾತು ಸುಳ್ಳಲ್ಲ. ತೊಲೆ ಜಂತಿಗಳ ಮೇಲೆ ಕಟ್ಟಿಗೆ ಹಾಸಿ, ಅದರ ಮೇಲೆ ದಪ್ಪನಾಗಿ ಮಣ್ಣು ಮೆತ್ತಿದ ಮಾಳಿಗೆ, ಎರಡು ಅಡಿಯ ಕಲ್ಲುಗೋಡೆ, ಚಾವಣಿಯ ನಡುವೆ ಬೆಳಕಿಂಡಿ. ಹಗಲಿನ ಕಾವು ಆ ದಪ್ಪವನ್ನು ದಾಟಿ ಒಳಗೆ ಬರುವಷ್ಟರಲ್ಲಿ ಬೆಳಗಾಗುತ್ತಿತ್ತು. ಆದರೂ ಹಳೆಯ ಮನೆಯನ್ನು ಬಾಯ್ತುಂಬ ಹೊಗಳುವವರಲ್ಲಿ ಹೆಚ್ಚಿನವರು ಅದರ ಮಾಳಿಗೆಗೆ ವರ್ಷವರ್ಷ ಮಣ್ಣು ಹೊತ್ತವರಲ್ಲ. ಅದರ ಕತ್ತಲೆಯ ಅಡುಗೆಮನೆಯಲ್ಲಿ ಹೊಗೆ ಕುಡಿದವರೂ ಅಲ್ಲ. ಅಲ್ಲಿಂದ ತರಬೇಕಾದುದು ಮಣ್ಣಲ್ಲ, ಉಷ್ಣವನ್ನು ತಡೆದು ನಿಲ್ಲಿಸುವ ವಿವೇಕ.

ಗೋಡೆಗಳಲ್ಲಿ ಯಾವ ದಿಕ್ಕಿನದು ಹೆಚ್ಚು ಕಾಯುತ್ತದೆಂಬ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಉಂಟು. ದಕ್ಷಿಣ ದಿಕ್ಕು ಬಿಸಿಲಿನದೆಂದು ಭಾವಿಸಿ ಅತ್ತಣ ಕಿಟಕಿಗಳನ್ನು ಬೇಸಿಗೆಯುದ್ದಕ್ಕೂ ಮುಚ್ಚಿಡುತ್ತಾರೆ. ಕಲಬುರಗಿ ಇರುವುದು ಹದಿನೇಳು ಡಿಗ್ರಿಗಿಂತ ತುಸು ಹೆಚ್ಚಿನ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಬೆಂಗಳೂರಿನಲ್ಲಿ ಈ ದಾಟುವಿಕೆ ಏಪ್ರಿಲ್ 24ರ ಸುಮಾರಿಗೆ ಆಗುತ್ತದೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿಲ್ಲದ ಆ ದಿನವನ್ನು ಶಾಲೆಗಳಲ್ಲಿ ಮಕ್ಕಳು ಆಸಕ್ತಿಯಿಂದ ನೋಡುತ್ತಾರೆ. ಬಿಸಿಲು ಅತಿ ಕ್ರೂರವಾದ ವಾರಗಳಲ್ಲಿ ದಕ್ಷಿಣದ ಗೋಡೆಗೆ ನೇರ ಬಿಸಿಲು ಅತ್ಯಲ್ಪ. ಎರಡು ಅಡಿಯ ಸಜ್ಜ ಅದಕ್ಕೆ ಸಾಕೋ ಸಾಕು. ಕಾಡುವುದು ಪಡುವಣ ಗೋಡೆ. ಇಳಿಬಿಸಿಲು ಓರೆಯಾಗಿ ಸಜ್ಜದ ಕೆಳಗಿನಿಂದ ನುಗ್ಗುವುದರಿಂದ ಅಲ್ಲಿ ಸಜ್ಜ ನಿರುಪಯೋಗಿ. ಮೂಡಣ ಗೋಡೆಗೂ ಅಷ್ಟೇ ಬಿಸಿಲು ಬೀಳುತ್ತದೆಯಲ್ಲ ಎಂದರೆ, ಅದು ಇರುಳೆಲ್ಲ ತಣಿದ ಗೋಡೆಗೆ ಬೀಳುವ ಬಿಸಿಲು. ಪಡುವಣದ್ದು ಹಗಲೆಲ್ಲ ಬಿಸಿಗಾಳಿಯಲ್ಲಿ ಬೆಂದ ಗೋಡೆಗೆ ಬೀಳುವಂಥದು.

ಪಡುವಣ ಗೋಡೆಗೆ ಮರದ ನೆರಳೇ ಶ್ರೇಷ್ಠ. ಬೇವು, ಹೊಂಗೆಗಳು ಮಾಘ ಫಾಲ್ಗುಣಗಳಲ್ಲಿ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಹೊಸ ಚಿಗುರು ಹೊತ್ತು, ಬಿಸಿಲು ಬಲಿಯುವಷ್ಟರಲ್ಲಿ ದಟ್ಟವಾದ ನೆರಳಾಗಿ ನಿಲ್ಲುತ್ತವೆ. ಮರ ಬೆಳೆಯುವವರೆಗೆ ಬಿದಿರಿನ ತಟ್ಟಿ, ಗೋಣಿಯ ಪರದೆ. ಆದರೆ ಅವನ್ನು ಕಟ್ಟಬೇಕಾದುದು ಕಿಟಕಿಯ ಹೊರಗಡೆ. ಎಷ್ಟೋ ಮನೆಗಳಲ್ಲಿ ಬೆಲೆಬಾಳುವ ದಪ್ಪ ಪರದೆಗಳು ಒಳಗಡೆ ತೂಗುತ್ತಿರುತ್ತವೆ. ಬಿಸಿಲು ಗಾಜನ್ನು ದಾಟಿ ಪರದೆಯನ್ನು ಕಾಯಿಸುತ್ತದೆ. ಕಾದ ಪರದೆ ಹೊರಸೂಸುವ ಉಷ್ಣಕಿರಣ ಮತ್ತೆ ಗಾಜನ್ನು ದಾಟಿ ಹೋಗಲಾರದು. ಬಾಗಿಲ ಹೊರಗೆ ನಿಲ್ಲಿಸಬೇಕಾದವನನ್ನು ಪಡಸಾಲೆಗೆ ಕರೆದು ಕುಳ್ಳಿರಿಸಿದಂತೆ ಅದು. ಹೊಸ ಮನೆಯ ನಕ್ಷೆ ಬರೆಸುವವರು ಬಚ್ಚಲು, ಉಗ್ರಾಣ, ಮೆಟ್ಟಿಲುಗಳನ್ನು ಪಡುವಣಕ್ಕೆ ಹಾಕಿಸಿದರೆ ಮಲಗುವ ಕೋಣೆಗೆ ಅವೇ ಕವಚವಾಗುತ್ತವೆ.

ನೆರಳು ಸಿದ್ಧಿಸಿದ ಮೇಲೆ ಗಾಳಿಯ ಮಾತು. ಬಯಲುಸೀಮೆಯಲ್ಲಿ ಗಾಳಿಯನ್ನು ಒಳಬಿಡುವ ಹೊತ್ತು ಇರುಳು; ಹಗಲಲ್ಲ. ಒಳಗಿಗಿಂತ ಹೊರಗೆ ತಂಪಾದೊಡನೆ, ಎಂದರೆ ರಾತ್ರಿ ಒಂಬತ್ತು ಹತ್ತರಿಂದ, ಎಲ್ಲ ಕಿಟಕಿಗಳನ್ನೂ ತೆರೆಯಬೇಕು. ಬೆಳಗಿನ ಎಂಟರೊಳಗೆ ಮುಚ್ಚಬೇಕು. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ: ಹಗಲೆಲ್ಲ ‘ಗಾಳಿ ಬರಲಿ’ ಎಂದು ತೆರೆದಿಟ್ಟು ಸೊಳ್ಳೆಯ ಭಯದಿಂದ ಸಂಜೆಗೆ ಮುಚ್ಚುತ್ತಾರೆ. ಕಿಟಕಿಗೆ ಜಾಲರಿ ಹಾಕಿಸಿದರೆ ಸೊಳ್ಳೆಯ ವಾದ ತೀರುತ್ತದೆ. ಒಂದೇ ಕಿಟಕಿಯಿರುವ ಮೂಲೆಯ ಕೋಣೆಗೆ ಗಾಳಿ ಹೊಗುವುದಿಲ್ಲವೆಂಬ ದೂರಿಗೆ ಕಾರಣ, ಹೊಕ್ಕ ಗಾಳಿಗೆ ಹೊರಬರುವ ಹಾದಿಯಿಲ್ಲದಿರುವುದು. ಬಾಗಿಲ ಮೇಲ್ಗಡೆ ಒಂದು ಗವಾಕ್ಷಿ ತೆಗೆಸಿದರೆ, ಬಿಸಿಗಾಳಿ ಹಗುರವಾದ ಕಾರಣ ಮೇಲಿನಿಂದ ಹೊರಬಿದ್ದು ಕಿಟಕಿಯಿಂದ ತಂಪಾದುದು ಒಳಬರುತ್ತದೆ. ಮೆಟ್ಟಿಲ ಗೂಡಿನ ತುದಿಯಲ್ಲಿ ಮಾಳಿಗೆಗೆ ತೆರೆಯುವ ಬಾಗಿಲನ್ನು ರಾತ್ರಿ ಜಾಲರಿಯೊಡನೆ ತೆರೆದಿಟ್ಟರೆ ಇಡೀ ಮನೆಯ ಬಿಸಿಗಾಳಿಗೆ ಅದೇ ಹೊಗೆಗೂಡು.

ಮೂರನೆಯದು ನೀರು. ಒಂದು ಲೀಟರು ನೀರು ಆವಿಯಾಗುವಾಗ ಸುತ್ತಲಿನಿಂದ ಹೀರುವ ಗುಪ್ತೋಷ್ಣ ಸುಮಾರು 2,400 ಕಿಲೋಜೂಲ್. ಒಂದು ಕಿಲೋವ್ಯಾಟಿನ ಹೀಟರು ನಲವತ್ತು ನಿಮಿಷ ಉರಿದರೆ ಹುಟ್ಟುವಷ್ಟು. ವಿಜಯಪುರದ ಪೂರ್ವಕ್ಕಿರುವ ಕುಮಟಗಿಯಲ್ಲಿ ಆದಿಲಶಾಹಿಗಳು ಕೆರೆಯ ನೀರನ್ನು ಕೊಳವೆಗಳಲ್ಲಿ ತಂದು ವಿಹಾರಮಂಟಪಗಳಲ್ಲಿ ತುಂತುರಾಗಿ ಚಿಮ್ಮಿಸಿದುದರ ಅವಶೇಷಗಳನ್ನು ಇಂದಿಗೂ ನೋಡಬಹುದು. ಇಂದಿನ ಮನೆಗಳ ಕೂಲರು ಅದೇ ತತ್ತ್ವದ ತಗಡಿನ ಡಬ್ಬಿ. ಉಷ್ಣಾಂಶ 40 ಡಿಗ್ರಿ, ತೇವಾಂಶ ಶೇಕಡಾ 20 ಇರುವ ಒಣಹವೆಯಲ್ಲಿ ಒಳ್ಳೆಯ ಕೂಲರು ಗಾಳಿಯನ್ನು 26 ಡಿಗ್ರಿಯವರೆಗೆ ಇಳಿಸಬಲ್ಲದು. ಮಂಗಳೂರಿನ 33 ಡಿಗ್ರಿಯ, ಶೇಕಡಾ 70ರ ತೇವದ ಗಾಳಿಯಲ್ಲಿ ಅದೇ ಕೂಲರು ನಾಲ್ಕು ಡಿಗ್ರಿ ಇಳಿಸಿದರೆ ಹೆಚ್ಚು. ಜೊತೆಗೆ ಸೆಕೆಯನ್ನು ಏರಿಸುತ್ತದೆ. ಕರಾವಳಿಯಲ್ಲಿ ಹಗಲಿರುಳ ಉಷ್ಣಾಂಶಗಳ ಅಂತರವೂ ಚಿಕ್ಕದು. ಆದುದರಿಂದ ದಪ್ಪಗೋಡೆ, ಮುಚ್ಚಿದ ಕಿಟಕಿಗಳ ಬಯಲುಸೀಮೆಯ ಸೂತ್ರ ಅಲ್ಲಿ ನಡೆಯದು. ಅಲ್ಲಿ ಬೇಕಾದುದು ಹಗಲೂ ಇರುಳೂ ಆಡುವ ಗಾಳಿ, ಬೇಗ ಕಾದು ಬೇಗ ತಣಿಯುವ ಹಗುರವಾದ ಇಳಿಜಾರು ಮಾಡು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚು ಆ ನಾಡಿಗೆ ಒಗ್ಗಿದುದು ಸುಮ್ಮನಲ್ಲ.

ಕೂಲರಿನ ವಿಷಯದಲ್ಲಿ ಹೆಚ್ಚಿನವರು ಅರಿಯದ ಒಂದು ಉಪಾಯವಿದೆ. ಒಂದು ಕೋಣೆಯ ತಂಪನ್ನು ಇನ್ನೊಂದಕ್ಕೆ ಮುಟ್ಟಿಸಲು ಅದು ಬಹಳ ಸಹಾಯಕ. ಕೂಲರು ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುವ ಯಂತ್ರ. ಒಳಗೆ ಬಂದಷ್ಟು ಗಾಳಿ ಹೊರಗೆ ಹೋಗಲೇಬೇಕು. ಎಲ್ಲಿ ದ್ವಾರವಿದೆಯೋ ಅಲ್ಲಿಂದ ಹೋಗುತ್ತದೆ, ಹೋಗುವ ದಾರಿಯನ್ನೆಲ್ಲ ತಂಪಾಗಿಸುತ್ತ ಹೋಗುತ್ತದೆ. ಪಡಸಾಲೆಯ ಕಿಟಕಿಗೆ ಕೂಲರು ಇಟ್ಟು ಪಡಸಾಲೆಯದೇ ಇನ್ನೊಂದು ಕಿಟಕಿಯನ್ನು ತೆರೆದರೆ ತಂಪು ಅಲ್ಲಿಯೇ ಸುಳಿದು ಹೊರಬೀಳುತ್ತದೆ. ಅದನ್ನು ಮುಚ್ಚಿ, ದೂರದ ಕೋಣೆಯ ಬಾಗಿಲನ್ನೂ ಅದರ ಹೊರಗೋಡೆಯ ಕಿಟಕಿಯನ್ನೂ ನಾಲ್ಕಾರು ಬೆರಳು ತೆರೆದರೆ, ತಂಪು ಆ ಕೋಣೆಯನ್ನು ಹಾದೇ ಹೋಗಬೇಕು. ಯಾವ ಕೋಣೆಗೆ ಎಷ್ಟು ಬೇಕೆಂಬುದನ್ನು ಕಿಟಕಿಯ ತೆರವಿನಿಂದಲೇ ಅಳೆದು ಕೊಡಬಹುದು. ಹೊಲದ ಮಡಿಗಳಿಗೆ ಕಾಲುವೆಯ ಬಾಯಿ ಬಿಟ್ಟು ಕಟ್ಟುವಂತೆ. ಎಲ್ಲ ಕಿಟಕಿಗಳನ್ನೂ ಬಿಗಿಯಾಗಿ ಮುಚ್ಚಿ ಕೂಲರು ಹಚ್ಚುವವರಿಗೆ ಅರ್ಧ ಗಂಟೆಯಲ್ಲಿ ಬಚ್ಚಲಿನ ಸೆಕೆ ತಪ್ಪಿದ್ದಲ್ಲ.

ಇಷ್ಟಾದ ಮೇಲೆಯೂ ಕೋಣೆ ತಣಿಯದಿದ್ದರೆ ಏಸಿ ಯಂತ್ರವನ್ನು ಕೊಳ್ಳುವುದು ತಪ್ಪಲ್ಲ. ಅದರ ಅಳತೆಯಾದ ‘ಟನ್ನು’ ಯಂತ್ರದ ತೂಕವಲ್ಲ. 907 ಕಿಲೋಗ್ರಾಮಿನ ಅಮೆರಿಕನ್ ಟನ್ನು ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತ ಹೀರುವ ಉಷ್ಣದ ವೇಗ, ಎಂದರೆ ಸುಮಾರು 3.5 ಕಿಲೋವ್ಯಾಟು. ಒಂದೂವರೆ ಟನ್ನಿನ ಯಂತ್ರ ಹೊರಹಾಕಬಲ್ಲದು 5.3 ಕಿಲೋವ್ಯಾಟಿನಷ್ಟು. ಮಾಳಿಗೆಯ ಮೇಲೆ ಬೀಳುವ ಹದಿಮೂರನ್ನು ನೆನೆದರೆ, ಸುಣ್ಣ ಬಳಿಯದ ಚಾವಣಿಯಡಿ ಅದು ಏಕೆ ಏದುಸಿರು ಬಿಡುತ್ತದೆಂಬುದು ವಿದಿತವಾಗುತ್ತದೆ. ಅವಶ್ಯಕತೆಗಿಂತ ದೊಡ್ಡ ಯಂತ್ರವೂ ಹಿತವಲ್ಲ. ಅದು ಬೇಗ ತಂಪು ಮಾಡಿ ಬೇಗ ನಿಲ್ಲುತ್ತದೆ. ತೇವವನ್ನು ಹೀರಲು ಸಮಯ ಸಾಲದೆ ಕೋಣೆ ತಣ್ಣಗಿದ್ದೂ ಅಂಟಂಟಾಗುತ್ತದೆ. 2020ರ ಜನವರಿಯಿಂದ ಭಾರತದಲ್ಲಿ ಸ್ಟಾರ್ ಗುರುತಿನ ಏಸಿಗಳು 24 ಡಿಗ್ರಿಗೆ ಹೊಂದಿಸಲ್ಪಟ್ಟೇ ಬರಬೇಕೆಂಬ ನಿಯಮವಾಗಿದೆ. ಅದನ್ನು 18ಕ್ಕೆ ಇಳಿಸಿದರೆ ಬೇಗ ತಂಪಾಗುತ್ತದೆಂಬುದು ಭ್ರಮೆ; ಕೋಣೆ 24ಕ್ಕೆ ಮುಟ್ಟಲು ಬೇಕಾದ ವೇಳೆ ಹೆಚ್ಚುಕಡಿಮೆ ಅಷ್ಟೇ.

ಒಂದು ಕೋಣೆಯ ಏಸಿಯಿಂದ ಪಕ್ಕದ ಕೋಣೆಯನ್ನೂ ತಣಿಸಬೇಕೆಂದರೆ ತಂಪುಗಾಳಿಯ ಸ್ವಭಾವವನ್ನು ನೆನಪಿಡಬೇಕು. ಅದು ಭಾರವಾದುದು, ನೀರಿನಂತೆ ನೆಲವನ್ನು ಹಿಡಿದು ಹರಿಯುತ್ತದೆ. ಕೆಳಗಣ ಅಂತಸ್ತಿನ ತಂಪು ಮೆಟ್ಟಿಲೇರಿ ಮೇಲೆ ಹೋಗಲಾರದು. ಮೇಲಿನ ಅಂತಸ್ತಿನ ತಂಪು ಮೆಟ್ಟಿಲಿಳಿದು ಕೆಳಗೆ ಸೋರಿಹೋಗುತ್ತದೆ. ಮೆಟ್ಟಿಲ ಬಾಯಿಗೆ ಒಂದು ಬಾಗಿಲೋ ದಪ್ಪ ಪರದೆಯೋ ಬೇಕಾಗುವುದು ಅದಕ್ಕೆ. ಪಕ್ಕದ ಕೋಣೆಗೆ ಮುಟ್ಟಿಸಲು ಹೊಸ್ತಿಲ ಬಳಿ ನೆಲದ ಮೇಲೆ ಚಿಕ್ಕ ಟೇಬಲ್ ಫ್ಯಾನನ್ನು ಬಿಸಿಕೋಣೆಯ ಕಡೆಗೆ ಮುಖಮಾಡಿ ಇಡಬೇಕು. ಬಾಗಿಲ ಮೇಲ್ಭಾಗದಿಂದ ಬಿಸಿಗಾಳಿ ತಾನಾಗಿ ಯಂತ್ರವಿರುವಲ್ಲಿಗೆ ಹಿಂತಿರುಗುತ್ತದೆ. ಯಂತ್ರದ ಹೊರಭಾಗವನ್ನು ಇನ್ನೊಂದು ಕೋಣೆಯ ಕಿಟಕಿಯಡಿ ಕೂರಿಸಿರುವ ಮನೆಗಳೂ ಉಂಟು. ಒಬ್ಬರ ತಂಪಿಗೆ ಇನ್ನೊಬ್ಬರು ಸುಂಕ ತೆರುವಂಥ ವ್ಯವಸ್ಥೆ ಅದು. ಧೂಳಿನ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ಯಂತ್ರದ ಜಾಲರಿಯನ್ನು ತೊಳೆಯದಿದ್ದರೆ ಯಾವ ಉಪಾಯವೂ ಫಲಿಸದು.

ಇಂಥ ಶಾಲೆಗಳಲ್ಲಿ ಓದಿ ಅಮೆರಿಕದಂಥ ದೇಶಗಳಲ್ಲಿ ನೆಲೆಸಿದವರ ಮನೆಗಳಲ್ಲಿ ಸಮಸ್ಯೆಯ ರೂಪ ಬೇರೆ, ಮೂಲ ಅದೇ. ಅಲ್ಲಿ ಒಂದೇ ದೊಡ್ಡ ಯಂತ್ರ, ಗೋಡೆ ಅಟ್ಟಗಳ ಒಳಗೆ ಹಾದ ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ತಂಪುಗಾಳಿಯನ್ನು ಕಳಿಸುತ್ತದೆ. ಆದರೆ ಉಷ್ಣವನ್ನು ಅಳೆದು ಯಂತ್ರಕ್ಕೆ ಅಪ್ಪಣೆ ಕೊಡುವ ಸಾಧನ ಅನೇಕ ಮನೆಗಳಲ್ಲಿ ಒಂದೇ. ಅದೂ ಕೆಳಗಣ ಪಡಸಾಲೆಯಲ್ಲಿ. ಪಡಸಾಲೆ ತಣಿದೊಡನೆ ಯಂತ್ರ ನಿಲ್ಲುತ್ತದೆ, ಮೇಲೆ ಮಗುವಿನ ಕೋಣೆ ಕಾಯುತ್ತಲೇ ಇರುತ್ತದೆ. ಕೊಳವೆಗಳ ಕೀಲುಗಳಲ್ಲಿ ಸೋರಿ ಕಳೆಯುವ ಗಾಳಿ ಸಾಮಾನ್ಯ ಮನೆಯಲ್ಲಿ ಶೇಕಡಾ 20ರಿಂದ 30 ಎಂದು ಅಲ್ಲಿನ ಸರ್ಕಾರಿ ಇಂಧನ ಕಾರ್ಯಕ್ರಮವೇ ಹೇಳುತ್ತದೆ. ಕೆಳಗಿನ ಗಾಳಿಬಾಯಿಗಳನ್ನೆಲ್ಲ ಮುಚ್ಚಿಬಿಟ್ಟರೆ ಮೇಲಕ್ಕೆ ಹೆಚ್ಚು ಹೋದೀತೆಂದು ಹಲವರು ಭಾವಿಸುತ್ತಾರೆ. ಬಹಳ ಮುಚ್ಚಿದರೆ ಕೊಳವೆಯಲ್ಲಿ ಒತ್ತಡ ಏರಿ ಸೋರಿಕೆ ಹೆಚ್ಚುತ್ತದೆ, ಯಂತ್ರದ ಸುರುಳಿಯ ಮೇಲೆ ಮಂಜು ಕಟ್ಟುವುದೂ ಉಂಟು. ಮೊದಲು ಜಾಲರಿ ತೊಳೆದು ಅಥವಾ ಬದಲಿಸಿ, ಕೀಲುಗಳನ್ನು ಮುಚ್ಚಿಸಿ, ಕೊಳವೆಯೊಳಗಿನ ಹಲಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ನೋಡಬೇಕು. ಮುಚ್ಚಿದ ಬಾಗಿಲ ಕೋಣೆಗೆ ಗಾಳಿ ಬರುವಷ್ಟೇ ಹಿಂದಿರುಗಿ ಹೋಗಲೂ ಬೇಕಾದ್ದರಿಂದ ಬಾಗಿಲಡಿಯಲ್ಲಿ ಸಂದು ಬಿಡಿಸಬೇಕು. ಅಟ್ಟದ ಮೇಲೆ ಉಷ್ಣರೋಧಕ ಹಾಸಿಗೆ ತೆಳ್ಳಗಿದ್ದರೆ ದಪ್ಪ ಮಾಡಿಸಬೇಕು. ಚಾವಣಿಯ ಪಾಠ ಅಲ್ಲಿಯೂ ಒಂದೇ.

ಯಾವ ಚಿಕಿತ್ಸೆ ಮಾಡಿದರೂ ಒಂದು ಸಲಕ್ಕೆ ಒಂದನ್ನೇ ಮಾಡಿ, ಅದೇ ಮೂರು ಮಾಪಕಗಳನ್ನು ಅದೇ ಸ್ಥಳಗಳಲ್ಲಿ ತೂಗಿ, ಹಿಂದಿನಷ್ಟೇ ಬಿಸಿಲಿರುವ ಮೂರು ದಿನ ಮತ್ತೆ ಬರೆದುಕೊಳ್ಳಬೇಕು. ಸಂಜೆ ಆರರ ಅಂಕೆ ಇಳಿದಿದ್ದರೆ ಸುಣ್ಣ ತನ್ನ ಕೆಲಸ ಮಾಡಿದೆ. ಅದು ಇಳಿದೂ ರಾತ್ರಿ ಹತ್ತರ ಅಂಕೆ ಹಾಗೆಯೇ ಉಳಿದಿದ್ದರೆ, ತಟ್ಟಿಯನ್ನು ಕಟ್ಟಬೇಕಾದ ಗೋಡೆ ಇನ್ನೂ ಬಿಸಿಲಿನಲ್ಲಿಯೇ ನಿಂತಿದೆ; ಅಜ್ಜನ ಹಾಸಿಗೆಯನ್ನು ಇನ್ನೂ ಮೇಲಕ್ಕೆ ಒಯ್ಯಬಾರದು.